ಆರನೇ ನಂಬರ್ ಮಿಷನ್ನು

ಹೋದ ತಿಂಗಳು ಅರಸೀಕೆರೆಯಲ್ಲಿ ರೈಲು ತಪ್ಪಿಸಿಕೊಂಡೆ. ಮುಂದಿನ ಗಾಡಿ ಮಧ್ಯಾಹ್ನಕ್ಕೆ. ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ಹೋಗುವವರ ಬರುವವರ ಮುಖ ನೋಡುವ ತಾಳ್ಮೆ ನನಗೆ ಮೊದಲಿನಿಂದಲೂ ಇಲ್ಲ. ಪೇಟೆಯಲ್ಲಿ ಒಂದು ಸುತ್ತು ಹಾಕಿ ಬರೋಣವೆಂದು ಹೊರಟೆ. ಒಂದು ಟೈಲರ್ ಅಂಗಡಿಯ ಮುಂದೆ ಒಬ್ಬಾತ ಹೊಲಿಗೆ ಮಿಷನ್ನನ್ನು ಬಿಚ್ಚಿ ಹರಡಿಕೊಂಡು, ಬ್ರಷ್ಷನ್ನು ಸೀಮೆಎಣ್ಣೆಗೆ ಅದ್ದಿ ಒಂದೊಂದೇ ಭಾಗವನ್ನು ಉಜ್ಜುತ್ತಿದ್ದ. ಈ ಕಾಲದಲ್ಲಿ ಅವನಿಗೆ ಸೀಮೆಎಣ್ಣೆ ಎಲ್ಲಿ ಸಿಕ್ಕಿತೋ. ಆ ವಾಸನೆಯ ಜೊತೆ ಮಿಷನ್ ಎಣ್ಣೆಯ ವಾಸನೆ ಬೆರೆತು ಮೂಗಿಗೆ ಬಡಿದದ್ದೇ ತಡ, ಅಲ್ಲೇ ನಿಂತುಬಿಟ್ಟೆ. ಹಳೆಯ ವಾಸನೆ ಬಂದರೆ ಮನಸ್ಸು ಅರಳುತ್ತದೆ ಎಂದು ಬರೆಯುವವರಿದ್ದಾರೆ. ನನಗೆ ಸಿಟ್ಟು ಬಂತು, ಇಷ್ಟು ವರ್ಷವಾದ ಮೇಲೂ.

ನಾನು ಆ ಊರಿನಲ್ಲಿ ಟೈಪಿಂಗ್ ಕಲಿತ ವರ್ಷ ಕಂಪ್ಯೂಟರ್ ಎಂಬುದು ಗಾಜಿನ ಕೋಣೆಯೊಳಗಿಟ್ಟು, ಚಪ್ಪಲಿ ಬಿಟ್ಟು ಹೋಗಿ ನೋಡುವ ವಸ್ತುವಾಗಿತ್ತು. ಸರ್ಕಾರಿ ಕಚೇರಿಗಳಲ್ಲಿ ಇನ್ನೂ ಟೈಪ್‌ರೈಟರುಗಳೇ ಕುಟ್ಟುತ್ತಿದ್ದವು. ನಮ್ಮೂರು ಕಣಕಟ್ಟೆ. ಪಿಯುಸಿ ಮುಗಿಸಿ ಮನೆಯಲ್ಲಿ ಕೂತವಳನ್ನು ನೋಡಿ ನೋಡಿ ಬೇಸತ್ತ ನಮ್ಮಪ್ಪ, "ಹೋಗಿ ಟೈಪಿಂಗ್ ಆದ್ರೂ ಕಲ್ತ್ಕೊ, ಎಲ್ಲಾದ್ರೂ ಒಂದು ದಾರಿ ಆಯ್ತದೆ" ಎಂದು ಬಸ್ ಪಾಸು ಮಾಡಿಸಿಕೊಟ್ಟರು. ಬೆಳಗಿನ ಮೊದಲ ಬಸ್ಸು ಹಿಡಿದರೆ ಅರಸೀಕೆರೆಯ ಎರಡನೇ ಬ್ಯಾಚಿಗೆ ಸರಿಯಾಗುತ್ತಿತ್ತು.

ಕ್ಲಾಸು ನಡೆಯುತ್ತಿದ್ದದ್ದು ಒಂದು ಕೊಬ್ಬರಿ ಮಂಡಿಯ ಮಹಡಿಯ ಮೇಲೆ. ಕೆಳಗೆ ಚೀಲಗಳ ತೂಕ, ಹಮಾಲರ ಕೂಗು, ಮೇಲೆ ನಮ್ಮ ಮಿಷನ್ನುಗಳ ಗದ್ದಲ. ಅತ್ತ ಜಂಕ್ಷನ್ನಿನಲ್ಲಿ ಗಾಡಿಗಳು ಕೂಗುತ್ತಿದ್ದವು. ಆ ವರ್ಷ ಮುಂಗಾರು ಕೈಕೊಟ್ಟು ಹಿಂಗಾರು ಬಿಟ್ಟೂಬಿಡದೆ ಹೊಡೆಯಿತು. ಒಣಗದ ಕೊಬ್ಬರಿಗೆ ಬೂಸು ಹಿಡಿದು ಅದರ ಕಮಟು ವಾಸನೆ ಮೆಟ್ಟಿಲು ಹತ್ತಿ ಮೇಲಕ್ಕೆ ಬರುತ್ತಿತ್ತು. ಹೆಂಚು ಸೋರುವ ಕಡೆಯೆಲ್ಲ ಬಕೆಟ್ಟು ಇಟ್ಟಿರುತ್ತಿದ್ದರು. ಕಾಗದ ಮೆತ್ತಗಾಗಿ ರೋಲರಿಗೆ ಸುತ್ತಿಕೊಳ್ಳುತ್ತಲೇ ಇರಲಿಲ್ಲ.

ಕ್ಲಾಸಿನ ಯಜಮಾನರೂ ಮೇಷ್ಟ್ರೂ ಎಲ್ಲ ಒಬ್ಬರೇ, ರಂಗಸ್ವಾಮಿಯವರು. ತೆಳ್ಳಗಿನ ಮನುಷ್ಯ, ಹೆಗಲ ಮೇಲೆ ಸದಾ ಒಂದು ಟವೆಲ್ಲು. ಕೋಪ ಬಂದರೆ ಬೈಯುತ್ತಿರಲಿಲ್ಲ, ಕಿಟಕಿಯ ಹತ್ತಿರ ಹೋಗಿ ಬೀದಿ ನೋಡುತ್ತ ನಿಲ್ಲುತ್ತಿದ್ದರು. ಅವರದೊಂದು ಕಟ್ಟುನಿಟ್ಟು ಇತ್ತು. ಯಾರೂ ಅಕ್ಷರದ ಕೀಲಿ ನೋಡಿಕೊಂಡು ಹೊಡೆಯಬಾರದು. ಅದಕ್ಕೆಂದೇ ಪ್ರತಿ ಮಿಷನ್ನಿನ ಕೀಲಿಗಳ ಮೇಲೆ ರಟ್ಟಿನ ಒಂದು ಮುಚ್ಚಳ ಮಾಡಿಸಿಟ್ಟಿದ್ದರು. ನಾವು ಅದರ ಕೆಳಗೆ ಕೈ ತೂರಿಸಿ, ಕಣ್ಣನ್ನು ಪುಸ್ತಕದ ಮೇಲೆ ಇಟ್ಟು ಹೊಡೆಯಬೇಕು. "ಕಣ್ಣು ಪುಸ್ತಕಕ್ಕೆ, ಕೈ ಮಿಷನ್‌ಗೆ. ಎರಡೂ ಜಗಳ ಆಡ್ಬಾರ್ದು ಕಣ್ರಮ್ಮ" ಎನ್ನುತ್ತಿದ್ದರು. ಮುಚ್ಚಳದಿಂದ ನಮಗೆ ನಮ್ಮ ಬೆರಳು ಕಾಣುತ್ತಿರಲಿಲ್ಲ, ಮೇಷ್ಟ್ರಿಗೂ ಕಾಣುತ್ತಿರಲಿಲ್ಲ. ಅವರು ನೋಡುತ್ತಿದ್ದದ್ದು ನಾವು ಕೊಟ್ಟ ಹಾಳೆಗಳನ್ನು ಮಾತ್ರ.

ವಿಮಲ ನಮ್ಮ ಬ್ಯಾಚಿಗೆ ತಡವಾಗಿ ಬಂದು ಸೇರಿದಳು. ಅವಳ ಅಪ್ಪ ಹಾಸನದ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾಗಿದ್ದವರು, ಎದೆನೋವು ಎಂದು ಕುರ್ಚಿಯಲ್ಲಿ ಒರಗಿದವರು ಮತ್ತೆ ಏಳಲಿಲ್ಲ. ಅಮ್ಮ, ವಿಮಲ, ಅವಳ ತಂಗಿ, ಮೂವರೂ ಅರಸೀಕೆರೆಗೆ ಬಂದು ಚಿಕ್ಕಪ್ಪನ ಮನೆಯಲ್ಲಿ ಇದ್ದರು. ಚಿಕ್ಕಪ್ಪ ಮಂಡಿಯೊಂದರಲ್ಲಿ ಲೆಕ್ಕ ಬರೆಯುವವರು. ಕೆಟ್ಟವರೆಂದು ಹೇಳಿದರೆ ನನ್ನ ನಾಲಿಗೆ ಬಿದ್ದುಹೋದೀತು. ಅಣ್ಣನ ಸಂಸಾರವನ್ನು ಮನೆಗೆ ಕರೆದುಕೊಂಡು ಬಂದರು, ಮೂರು ಹೊತ್ತು ಅನ್ನ ಹಾಕಿದರು, ದನಿ ಎತ್ತರಿಸಿ ಮಾತಾಡಿದ್ದನ್ನು ವಿಮಲ ಕೇಳಿರಲಿಲ್ಲ. ಆದರೆ ಆ ಮನೆಯಲ್ಲಿ ಅವಳ ಅಮ್ಮ ಜಯಮ್ಮನವರು ಮಲಗುತ್ತಿದ್ದದ್ದು ಅಡುಗೆಮನೆಯಲ್ಲಿ. ಯಾರಾದರೂ ನೀರು ಕುಡಿಯಲು ಬಂದರೂ ಎದ್ದು ಕೂರುತ್ತಿದ್ದರಂತೆ.

ಅಪ್ಪನ ಕಚೇರಿಯವರು ಅನುಕಂಪದ ಮೇಲೆ ವಿಮಲಳಿಗೆ ಕೆಲಸ ಕೊಡಲು ಒಪ್ಪಿದ್ದರು. ಅರ್ಜಿ ಹೋಗಿತ್ತು. ಖಾಲಿ ಇದ್ದದ್ದು ಟೈಪಿಸ್ಟ್ ಜಾಗ ಒಂದೇ. ಟೈಪಿಂಗ್ ಪರೀಕ್ಷೆ ಪಾಸಾಗಿ ಬಂದರೆ ಆಯಿತು ಎಂದು ಸಾಹೇಬರೇ ಹೇಳಿ ಕಳಿಸಿದ್ದರು. ಇನ್ನೊಂದು ಷರತ್ತೂ ಇತ್ತು. ಆಗಿನ ಕಾನೂನಿನ ಪ್ರಕಾರ ಅನುಕಂಪದ ಕೆಲಸ ಮಗಳಿಗೆ ಸಿಗುತ್ತಿದ್ದದ್ದು ಅವಳಿಗೆ ಮದುವೆಯಾಗಿರದಿದ್ದರೆ ಮಾತ್ರ. ತಾಳಿ ಬಿದ್ದರೆ ಅವಳು ಬೇರೆ ಮನೆಯವಳು, ಅಪ್ಪನ ಕಚೇರಿಗೂ ಅವಳಿಗೂ ಸಂಬಂಧವಿಲ್ಲ.

ಇತ್ತ ಗೆಂಡೆಹಳ್ಳಿಯಿಂದ ಒಂದು ಸಂಬಂಧ ಬಂದು ಬಾಗಿಲಲ್ಲೇ ನಿಂತಿತ್ತು. ಹುಡುಗನಿಗೆ ಹೊಲ ಇತ್ತು, ಬೀದಿಯಲ್ಲೊಂದು ಸಣ್ಣ ಅಂಗಡಿ ಇತ್ತು. ಮೊದಲ ಹೆಂಡತಿ ಹೆರಿಗೆಯಲ್ಲಿ ತೀರಿಕೊಂಡಿದ್ದಳು. ಅವರಿಗೆ ವರದಕ್ಷಿಣೆ ಬೇಡ, ಮನೆ ನೋಡಿಕೊಳ್ಳುವವಳು ಬೇಕು, ಅದೂ ಬೇಗ ಬೇಕು. ಚಿಕ್ಕಪ್ಪ ವಿಮಲಳನ್ನು ಕೂರಿಸಿಕೊಂಡು ಹೇಳಿದರಂತೆ, "ನಾನೇನು ಬ್ಯಾಡ ಅನ್ನಕಿಲ್ಲ ಕಣವ್ವ. ಈ ಪರೀಕ್ಷೆ ಒಂದ್ಸಲ ಬರಿ. ಪಾಸಾದ್ರೆ ನೀನೇ ರಾಣಿ. ಇಲ್ಲಾಂದ್ರೆ ಗೆಂಡೆಹಳ್ಳಿಯೋರಿಗೆ ಹೂಂ ಅಂತೀನಿ. ಇನ್ನೊಬ್ಳು ತಂಗಿ ಅವ್ಳೆ, ಅದೂ ನೋಡ್ಬೇಕಲ್ಲ." ಇದರಲ್ಲಿ ಯಾವ ಮಾತನ್ನು ತಪ್ಪೆನ್ನುವುದು? ವಿಮಲ ಹೂಂ ಅಂದು ಬಂದಳು.

ತಡವಾಗಿ ಸೇರಿದವರಿಗೆ ಉಳಿದ ಮಿಷನ್ನೇ ಗತಿ. ಅವಳಿಗೆ ಸಿಕ್ಕಿದ್ದು ಆರನೇ ನಂಬರು. ಅದನ್ನು ಕಂಡರೆ ಎಲ್ಲರೂ ದೂರ ಓಡುತ್ತಿದ್ದರು. ಅಕ್ಷರಗಳೇನೋ ಸರಿಯಾಗಿದ್ದವು, ಪದದ ನಡುವೆ ಜಾಗ ಬಿಡಲು ಹೆಬ್ಬೆರಳಿನಿಂದ ಒತ್ತುವ ಉದ್ದನೆಯ ಪಟ್ಟಿ, ಅಂದರೆ ಸ್ಪೇಸ್ ಬಾರ್, ಅದು ಮಾತ್ರ ಮೊಂಡು. ಒಂದು ಏಟಿಗೆ ಜಗ್ಗುತ್ತಿರಲಿಲ್ಲ. ಮೊದಲು ಮೆಲ್ಲಗೆ ಒಮ್ಮೆ ಒತ್ತಿ ಸಡಿಲ ಮಾಡಿ, ಆಮೇಲೆ ಗಟ್ಟಿಯಾಗಿ ಕುಟ್ಟಿದರೆ ಹಾಳೆ ಹೊತ್ತ ಮೇಲಿನ ಗಾಡಿ ಒಂದು ಮನೆ, ಅಂದರೆ ಒಂದು ಅಕ್ಷರದಷ್ಟು, ಮುಂದಕ್ಕೆ ಹೋಗುತ್ತಿತ್ತು. ಅದರ ಒಳಗಿನ ಸಾಮಾನು ಸಿಗುವುದಿಲ್ಲ, ರಿಪೇರಿಯವನು ಬಂದಾಗ ನೋಡೋಣ ಎಂದು ಮೇಷ್ಟ್ರು ಮುಂದೂಡುತ್ತಲೇ ಇದ್ದರು.

ನಾನು ಏಳನೇ ನಂಬರಿನಲ್ಲಿ, ಅವಳ ಪಕ್ಕದಲ್ಲೇ. ಮೊದಮೊದಲು ಅವಳು ಅಳುವುದೊಂದು ಬಾಕಿ. ಪದಕ್ಕೆ ಪದ ಅಂಟಿಕೊಂಡು ಸಾಲೆಲ್ಲ ರೈಲು ಗಾಡಿಯಾಗುತ್ತಿತ್ತು. ಆದರೆ ಹಟಮಾರಿ. ಬೆಳಿಗ್ಗೆ ಬಂದವಳು ಮಧ್ಯಾಹ್ನದ ಬ್ಯಾಚಿನಲ್ಲೂ ಯಾರಾದರೂ ಬಾರದಿದ್ದರೆ ಕೂತುಬಿಡುತ್ತಿದ್ದಳು. ದೀಪಾವಳಿ ಹೊತ್ತಿಗೆ ಅವಳ ಹೆಬ್ಬೆರಳು ಆ ಎರಡು ಏಟನ್ನು ಉಸಿರಾಡುವಷ್ಟು ಸಲೀಸಾಗಿ ಕಲಿತುಬಿಟ್ಟಿತು. ಪದ ಮುಗಿದ ಕೂಡಲೇ ಮೆಲ್ಲಗೊಂದು, ಜೋರಾಗಿ ಒಂದು. ಅಷ್ಟು ಮಿಷನ್ನುಗಳ ಗದ್ದಲದಲ್ಲಿ ಆ ಜೋಡಿ ಸದ್ದು ಪಕ್ಕದಲ್ಲಿದ್ದ ನನಗೊಬ್ಬಳಿಗೇ ಕೇಳುತ್ತಿತ್ತು. ಹಾಳೆಯ ಮೇಲೆ ಮಾತ್ರ ಒಂದು ತಪ್ಪಿಲ್ಲ. ವೇಗದಲ್ಲಿ ನಮ್ಮನ್ನೆಲ್ಲ ಹಿಂದೆ ಹಾಕಿದಳು. ಹೊಟ್ಟೆಕಿಚ್ಚು ನನಗೂ ಆಗಿತ್ತು, ಸುಳ್ಳು ಏಕೆ ಹೇಳಲಿ.

ಮೇಷ್ಟ್ರು ಅವಳ ಹಾಳೆಗಳನ್ನು ಎತ್ತಿ ಹಿಡಿದು ಎಲ್ಲರಿಗೂ ತೋರಿಸುತ್ತಿದ್ದರು. "ನೋಡ್ರಮ್ಮ, ಆರನೇ ನಂಬರ್‌ನಲ್ಲಿ ಹೊಡೆದ ಹಾಳೆ ಇದು. ನಿಮಗೆಲ್ಲ ಒಳ್ಳೊಳ್ಳೆ ಮಿಷನ್ ಕೊಟ್ಟಿದೀನಿ, ನಾಚಿಕೆ ಆಗ್ಬೇಕು." ಆಮೇಲೆ ಅವಳ ಕಡೆ ತಿರುಗಿ, ದನಿ ಇಳಿಸಿ, "ಹಾಳು ಮಿಷನ್ನಲ್ಲೇ ಇಷ್ಟು ಚೆನ್ನಾಗಿ ಹೊಡೀತೀಯಲ್ಲಮ್ಮ, ಒಳ್ಳೇದು ಸಿಕ್ಕಿದ್ರೆ ರ್‍ಯಾಂಕೇ ಬರ್ತೀಯ" ಎನ್ನುತ್ತಿದ್ದರು. ಅವರ ಕಣ್ಣಲ್ಲಿ ಅಪರಾಧ ಮಾಡಿದವರ ಭಾವ ಇರುತ್ತಿತ್ತು. ತಂದೆಯಿಲ್ಲದ ಹುಡುಗಿಗೆ ಕೆಟ್ಟ ಮಿಷನ್ ಕೊಟ್ಟೆನಲ್ಲ ಎಂಬುದು ಅವರಿಗೆ ಚುಚ್ಚುತ್ತಿತ್ತು.

ಪರೀಕ್ಷೆ ಹತ್ತಿರ ಬಂದಂತೆ ವಿಮಲ ಒಂದು ದಿನ ನನ್ನನ್ನು ರೈಲ್ವೆ ಕ್ವಾರ್ಟರ್ಸಿನ ಹಿಂದಿನ ಬೀದಿಗೆ ಕರೆದುಕೊಂಡು ಹೋದಳು. ವಠಾರದಲ್ಲಿ ಒಂದು ಕೋಣೆ ಖಾಲಿಯಿತ್ತು. ಒಂದೇ ಕೋಣೆ, ಮೂಲೆಯಲ್ಲಿ ಒಲೆಕಟ್ಟೆ, ಅಂಗಳದಲ್ಲಿ ಎಲ್ಲರಿಗೂ ಸೇರಿದ ನಲ್ಲಿ. ಗೋಡೆಯ ಸುಣ್ಣ ಕಿತ್ತುಬಂದಿತ್ತು. ಅವಳು ಒಳಗೆ ಹೋಗಿ ಗೋಡೆಯ ಪಕ್ಕ ಕಾಲು ಚಾಚಿ ಕೂತೇಬಿಟ್ಟಳು.

"ಇಲ್ಲಿ ನಮ್ಮಮ್ಮ ಮಲ್ಕೊಂಡ್ರೆ ಯಾರು ಬಂದ್ರೂ ಎದ್ದೇಳ್ಬೇಕಾಗಿಲ್ಲ ಕಣೇ" ಅಂದಳು.

"ಹಾಸನದಲ್ಲಿ ಕೆಲಸ, ಇಲ್ಲಿ ಮನೆನಾ?" ಅಂದೆ ನಾನು.

"ಗಾಡಿ ಇದೆಯಲ್ಲ. ಹೋಗಿ ಬರ್ತೀನಿ. ತಂಗಿ ಸ್ಕೂಲು ಇಲ್ಲೇ ಮುಗೀಲಿ. ಮನೆ ಓನರ್ರು ಸಂಕ್ರಾಂತಿವರೆಗೂ ಬೇರೆಯೋರಿಗೆ ಕೊಡಲ್ಲ ಅಂದಿದಾರೆ."

ಅವಳು ಅಷ್ಟು ಸಂತೋಷವಾಗಿದ್ದದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಆಮೇಲೂ ನೋಡಲಿಲ್ಲ.

ಪರೀಕ್ಷೆಯ ಕೇಂದ್ರ ಹಾಸನ. ಈಗಿನವರಿಗೆ ಹೇಳಿದರೆ ನಗುತ್ತಾರೆ, ಆಗ ಟೈಪಿಂಗ್ ಪರೀಕ್ಷೆಗೆ ನಮ್ಮ ನಮ್ಮ ಮಿಷನ್ನನ್ನು ನಾವೇ ಹೊತ್ತುಕೊಂಡು ಹೋಗಬೇಕಿತ್ತು. ಯಾವ ಮಿಷನ್ನಿನಲ್ಲಿ ಕಲಿತೆವೋ ಅದರಲ್ಲೇ ಬರೆಯುವುದು. ಮೇಷ್ಟ್ರು ಒಂದು ಟೆಂಪೋ ಗೊತ್ತು ಮಾಡಿ, ಮಿಷನ್ನುಗಳನ್ನು ಹಳೆಯ ಕಂಬಳಿಯಲ್ಲಿ ಸುತ್ತಿ ಗೋಣಿಚೀಲದಲ್ಲಿ ಕಟ್ಟಿ ಸಾಗಿಸುತ್ತಿದ್ದರು. ಮಗುವಿಗೆ ಸ್ನಾನ ಮಾಡಿಸಿದ ಮೇಲೆ ಸುತ್ತುವ ಹಾಗೆ ಸುತ್ತುತ್ತಿದ್ದರು. ಹೊರಡುವ ಹಿಂದಿನ ದಿನ ನಮಗೆಲ್ಲ ರಜೆ. ಅಂದು ಮಿಷನ್ನುಗಳ ದಿನ, ಉಜ್ಜುವುದು, ಎಣ್ಣೆ ಬಿಡುವುದು, ಹೊಸ ರಿಬ್ಬನ್ ಹಾಕುವುದು.

ಆ ದಿನವೇ, ನಾವ್ಯಾರೂ ಇಲ್ಲದಿರುವಾಗ, ರಿಪೇರಿಯವನು ಬೆಂಗಳೂರಿನ ಗಾಡಿ ಇಳಿದು ಬಂದ. ಮೇಷ್ಟ್ರೇ ಹೇಳಿ ಕಳಿಸಿ ಕರೆಸಿಕೊಂಡಿದ್ದರು. ಆರನೇ ನಂಬರಿಗೆ ಬೇಕಾದ ಸಾಮಾನನ್ನು ಎಲ್ಲಿಂದಲೋ ಹುಡುಕಿ ತರಿಸಿದ್ದರು. ಅವನು ಇಡೀ ಮಿಷನ್ನನ್ನು ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಸ್ಪೇಸ್ ಬಾರಿನ ಒಳಗಿನ ಸವೆದ ಭಾಗವನ್ನು ಬದಲಿಸಿದ. ಮೇಷ್ಟ್ರು ತಮ್ಮ ಕೈಯಿಂದ ಒತ್ತಿ ನೋಡಿದರು. ಮುಟ್ಟಿದರೆ ಸಾಕು, ಮುಂದೆ ಹೋಗುತ್ತಿತ್ತು. ತೃಪ್ತಿಯಿಂದ ಕಂಬಳಿ ಸುತ್ತಿ ಕಟ್ಟಿಟ್ಟರು. ಇದನ್ನೆಲ್ಲ ನಾವು ತಿಳಿದದ್ದು ಪರೀಕ್ಷೆಯಾದ ಮೇಲೆ, ಅವರ ಬಾಯಿಂದಲೇ. ವಿಮಲಳಿಗೆ ಮೊದಲೇ ಹೇಳಬಾರದು, ಮಿಷನ್ ಮುಂದೆ ಕೂತಾಗ ಅವಳಿಗೇ ಗೊತ್ತಾಗಿ ಖುಷಿಪಡಲಿ ಎಂದು ಅವರು ಬಾಯಿ ಬಿಟ್ಟಿರಲಿಲ್ಲ.

ಹಾಸನದ ಆ ಸ್ಕೂಲಿನ ಹಾಲ್‌ನಲ್ಲಿ ಚಳಿಗೆ ಕೈ ಮರಗಟ್ಟುತ್ತಿತ್ತು. ಹೊರಗೆ ಸೋನೆ. ಡೆಸ್ಕುಗಳು ಅಲ್ಲಾಡುತ್ತವೆಂದು ಕಾಲಿನ ಕೆಳಗೆ ಕಾಗದ ಮಡಿಚಿ ಇಟ್ಟೆವು. ಮಿಷನ್ನುಗಳ ಕಂಬಳಿ ಬಿಚ್ಚಿ ಜೋಡಿಸಿ, ಹಾಳೆ ಏರಿಸಿದೆವು. ಆರನೇ ನಂಬರಿನಿಂದ ಸೀಮೆಎಣ್ಣೆ, ಮಿಷನ್ ಎಣ್ಣೆ ಬೆರೆತ ವಾಸನೆ ಬರುತ್ತಿತ್ತು. ಇಲ್ಲಿ ರಟ್ಟಿನ ಮುಚ್ಚಳ ಇರಲಿಲ್ಲ. ಗಂಟೆ ಹೊಡೆಯುವ ಮೊದಲು ಒಂದೆರಡು ಸಾಲು ಹೊಡೆದು ನೋಡಲು ಬಿಡುತ್ತಿದ್ದರು.

ವಿಮಲ ಒಂದು ಸಾಲು ಹೊಡೆದಳು. ನಿಲ್ಲಿಸಿ ಹಾಳೆಯನ್ನೇ ನೋಡಿದಳು. ಇನ್ನೊಂದು ಸಾಲು ಹೊಡೆದಳು. ನಾನು ತಿರುಗಿ ನೋಡಿದೆ. ಪ್ರತಿ ಪದದ ನಡುವೆ ಎರಡೆರಡು ಮನೆ ಜಾಗ, ಸಾಲೆಲ್ಲ ಹಲ್ಲು ಬಿದ್ದ ಬಾಯಿಯಂತಿತ್ತು. ಅವಳ ಹೆಬ್ಬೆರಳು ಎಂದಿನಂತೆ ಎರಡು ಏಟು ಹಾಕುತ್ತಿತ್ತು. ಮಿಷನ್ನು ಎರಡು ಏಟಿಗೂ ವಿಧೇಯವಾಗಿ ಮುಂದೆ ಹೋಗುತ್ತಿತ್ತು.

ಜಾಸ್ತಿ ಬಿಟ್ಟ ಒಂದೊಂದು ಜಾಗವೂ ಒಂದೊಂದು ತಪ್ಪು, ಅಳಿಸುವ ಹಾಗಿಲ್ಲ. ಇದು ನಮಗೆಲ್ಲ ಬಾಯಿಪಾಠ.

ಅವಳು ನನ್ನ ಕಡೆ ನೋಡಿದಳು. ಮುಖದಲ್ಲಿ ರಕ್ತವೇ ಇರಲಿಲ್ಲ. "ಸುಮಾ, ಇದಕ್ಕೇನೋ ಮಾಡಿದಾರೆ ಕಣೇ" ಅಂದಳು. ಅಷ್ಟರಲ್ಲಿ ನಮ್ಮಿಬ್ಬರ ಕಣ್ಣೂ ಕಿಟಕಿಯ ಕಡೆ ಹೋಯಿತು. ವರಾಂಡದಲ್ಲಿ ಮೇಷ್ಟ್ರು ನಿಂತಿದ್ದರು. ತಲೆಯ ಮೇಲೆ ಟವೆಲ್ಲು ಹೊದ್ದು, ಮಳೆಯ ಎರಚಲಲ್ಲೇ ನಿಂತು, ಅವಳನ್ನೇ ನೋಡುತ್ತಿದ್ದರು. ಹುಬ್ಬು ಏರಿಸಿ, 'ಹೇಗಿದೆ?' ಎಂದು ಕೈಸನ್ನೆ ಮಾಡಿದರು. ಹಬ್ಬಕ್ಕೆ ಹೊಸ ಬಟ್ಟೆ ತಂದುಕೊಟ್ಟು ಮಕ್ಕಳ ಮುಖ ನೋಡುವ ಅಪ್ಪಂದಿರ ನಗು ಅವರ ಮುಖದಲ್ಲಿತ್ತು. ವಿಮಲಳಿಗೆ ಆ ಕ್ಷಣದಲ್ಲಿ ಎಲ್ಲ ಅರ್ಥವಾಯಿತು. ಅವಳೂ ನಕ್ಕಳು. ತಲೆ ಆಡಿಸಿದಳು. ಆ ನಗುವನ್ನು ಅವಳು ಎಲ್ಲಿಂದ ತಂದಳೋ ನನಗೆ ಇವತ್ತಿಗೂ ತಿಳಿಯದು.

ಮೇಷ್ಟ್ರು ಅತ್ತ ಹೋದದ್ದೇ ಅವಳು ಕೈ ಎತ್ತಿದಳು. ಮೇಲ್ವಿಚಾರಕರು ಬಂದರು. ವಯಸ್ಸಾದವರು, ಗಡಸು ಮನುಷ್ಯರೇನಲ್ಲ.

"ಸಾರ್, ಮಿಷನ್ ಬದಲಾಯಿಸ್ಬೇಕು. ಅಲ್ಲಿ ಹೆಚ್ಚುವರಿ ಒಂದಿದೆಯಲ್ಲ ಸಾರ್."

"ಏನಾಗಿದೆ ಇದಕ್ಕೆ?"

"ಸ್ಪೇಸ್ ಬಾರ್ ಸಾರ್..."

ಅವರು ಬಗ್ಗಿ ಸ್ಪೇಸ್ ಬಾರ್ ಒತ್ತಿದರು. ಗಾಡಿ ಒಂದು ಮನೆ ಮುಂದೆ ಹೋಯಿತು. ಮತ್ತೆ ಒತ್ತಿದರು. ಮತ್ತೊಂದು ಮನೆ. ಅಕ್ಷರಗಳನ್ನೂ ಕುಟ್ಟಿ ನೋಡಿದರು. "ಚೆನ್ನಾಗಿದೆಯಲ್ಲಮ್ಮ. ಈ ಹಾಲ್‌ನಲ್ಲೇ ಇಷ್ಟು ಒಳ್ಳೆ ಮಿಷನ್ ಇಲ್ಲ. ಕೆಟ್ಟೋಗಿದ್ರೆ ಮಾತ್ರ ಬದಲಿ ಕೊಡೋದು. ಹೆದರ್ಕೋಬೇಡ, ಸಮಾಧಾನವಾಗಿ ಬರಿ."

ಅವಳು ಏನು ಹೇಳಬೇಕು? ಹೆಚ್ಚುವರಿ ಮಿಷನ್ ಸಿಕ್ಕಿದ್ದರೂ ಅದೂ ಸರಿಯಾಗಿರುವುದೇ ತಾನೇ. ಅವಳಿಗೆ ಬೇಕಾಗಿದ್ದದ್ದು ಕೆಟ್ಟಿರುವುದು. ಅಷ್ಟರಲ್ಲಿ ಗಂಟೆ ಹೊಡೆಯಿತು.

ಸ್ಪೀಡ್ ಪೇಪರ್ ಎಂದರೆ ಹತ್ತು ನಿಮಿಷ. ನನ್ನ ಕೈ ಅದರ ಪಾಡಿಗೆ ಅದು ಹೊಡೆಯುತ್ತಿತ್ತು, ಕಿವಿ ಮಾತ್ರ ಪಕ್ಕಕ್ಕೆ ಹೋಗಿತ್ತು. ಸ್ವಲ್ಪ ಹೊಡೆಯುವುದು, ನಿಲ್ಲುವುದು. ಮತ್ತೆ ಹೊಡೆಯುವುದು, ನಿಲ್ಲುವುದು. ಹೆಬ್ಬೆರಳಿನ ಮೇಲೆ ಮನಸ್ಸಿಟ್ಟರೆ ಮಿಕ್ಕ ಬೆರಳು ದಾರಿ ತಪ್ಪುತ್ತಿದ್ದವು. ಅವುಗಳನ್ನು ಹಿಡಿದುಕೊಳ್ಳಲು ಹೋದರೆ ಹೆಬ್ಬೆರಳು ತನ್ನ ಹಳೆಯ ಚಾಳಿಗೆ ಬೀಳುತ್ತಿತ್ತು. ಒಮ್ಮೆ ವೇಗ ಸಿಕ್ಕಿತು. ದೇವರೇ ಎಂದುಕೊಂಡೆ. ಆ ವೇಗದ ಜೊತೆಗೇ ಜೋಡಿ ಸದ್ದು ಬಂತು, ಮೆಲ್ಲಗೊಂದು, ಜೋರಾಗಿ ಒಂದು. ಅವಳ ಕೈ ಎಷ್ಟು ಚೆನ್ನಾಗಿ ಓಡಿತೋ ಅಷ್ಟೂ ಅವಳು ಕೆಟ್ಟಳು. ಕೊನೆಯ ಹೊತ್ತಿಗೆ ಪಕ್ಕದಿಂದ ಸದ್ದೇ ಇರಲಿಲ್ಲ. ಅವಳು ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

ಹೊರಗೆ ಬಂದಾಗ ಮೇಷ್ಟ್ರು ಓಡಿಬಂದರು. "ಹೇಗಿತ್ತಮ್ಮ ಆರನೇ ನಂಬರು? ಬೆಣ್ಣೆ ಹಾಗೆ ಓಡ್ತಾ?" ಎಂದು ರಿಪೇರಿಯವನನ್ನು ಕರೆಸಿದ ಕಥೆಯನ್ನೆಲ್ಲ ಒಂದೇ ಉಸಿರಿಗೆ ಹೇಳಿದರು. ವಿಮಲ ನಿಂತು ಪೂರ್ತಿ ಕೇಳಿದಳು. "ಯಾಕೆ ಸಾರ್ ಅಷ್ಟೆಲ್ಲ ತೊಂದರೆ ತಗೊಂಡ್ರಿ?" ಅಂದಳು. ಅವರಿಗೆ ಅದು ಕೃತಜ್ಞತೆಯಾಗಿ ಕೇಳಿಸಿತು.

ಹಿಂತಿರುಗುವ ಗಾಡಿಯಲ್ಲಿ ನಾವಿಬ್ಬರೇ ಒಂದು ಮೂಲೆಯಲ್ಲಿ ಕೂತೆವು. ಮೇಷ್ಟ್ರು ಟೆಂಪೋದಲ್ಲಿ ಮಿಷನ್ನುಗಳ ಜೊತೆ ಬರುತ್ತಿದ್ದರು. ಹೊಲಗಳಲ್ಲಿ ಕೊಯ್ದ ರಾಗಿ ಮಳೆಗೆ ಸಿಕ್ಕಿ ಕಪ್ಪಾಗಿ ಬಿದ್ದಿತ್ತು. ನನಗೆ ತಡೆಯಲಾಗಲಿಲ್ಲ.

"ನಾಳೆನೇ ಮೇಷ್ಟ್ರಿಗೆ ಹೇಳ್ತೀನಿ. ಒಂದು ಮಾತು ಕೇಳ್ಬಾರ್ದಿತ್ತಾ ನಿನ್ನ? ಚಿಕ್ಕಪ್ಪನ ಹತ್ರ ಬಂದು ಅವರೇ ಹೇಳ್ಲಿ, ಇದು ಹುಡುಗಿ ತಪ್ಪಲ್ಲ ಅಂತ. ಇನ್ನೊಂದು ಪರೀಕ್ಷೆಗೆ ಬಿಡ್ಲಿ."

"ಬೇಡ ಕಣೇ."

"ಯಾಕೆ ಬೇಡ?"

"ಚಿಕ್ಕಪ್ಪ ಕಾಯಲ್ಲ. ಗೆಂಡೆಹಳ್ಳಿಯೋರು ಮೊದಲೇ ಕಾಯಲ್ಲ. ಹೇಳಿದ್ರೆ ನನಗಂತೂ ಏನೂ ಉಪಯೋಗ ಇಲ್ಲ, ಮೇಷ್ಟ್ರಿಗೆ ಗೊತ್ತಾದ್ರೆ ಆ ಮನುಷ್ಯ ಮತ್ತೆ ಯಾರಿಗೂ ಒಳ್ಳೇದು ಮಾಡಕ್ಕೆ ಹೋಗಲ್ಲ." ಆಮೇಲೆ, "ನಮ್ಮಪ್ಪ ಹೋದ್ಮೇಲೆ ನನಗೆ ಅಂತ ಯಾರಾದ್ರೂ ಏನಾದ್ರೂ ತಂದಿದ್ದು ಇದೊಂದೇ ಸುಮಾ" ಅಂದಳು. ಮೇಷ್ಟ್ರಿಗೆ ಹೇಳುವುದಿಲ್ಲವೆಂದು ನನ್ನಿಂದ ಆಣೆ ಹಾಕಿಸಿಕೊಂಡಳು. ಅವಳ ಮೇಲೂ ನನಗೆ ಸಿಟ್ಟು ಬಂತು. ಗಾಡಿಯ ಆ ತಣ್ಣನೆಯ ಸೀಟಿನ ಮೇಲೆ ಅವಳ ಕೈ ಹಿಡಿದುಕೊಂಡು ನಾನೇ ಅತ್ತೆ, ಅವಳು ಅಳಲಿಲ್ಲ.

ಫಲಿತಾಂಶ ಬಂತು. ನಾನು ಪಾಸು, ನಮ್ಮ ಬ್ಯಾಚಿನ ಮುಕ್ಕಾಲು ಮಂದಿ ಪಾಸು. ವಿಮಲ ಇಲ್ಲ. ಮೇಷ್ಟ್ರು ಬಹಳ ಹೊತ್ತು ಕಿಟಕಿಯ ಹತ್ತಿರ ನಿಂತು ಬೀದಿ ನೋಡಿದರು. ಆಮೇಲೆ ಬಂದು ಹೊಸ ಬ್ಯಾಚಿನವರಿಗೆ ಹೇಳಿದರು, "ಮಿಷನ್ ಎಷ್ಟೇ ಚೆನ್ನಾಗಿದ್ರೂ ಏನು ಬಂತು ಹೇಳಿ. ಧೈರ್ಯ ಇರ್ಬೇಕು. ಅಷ್ಟು ಒಳ್ಳೆ ಕೈ ಆ ಹುಡುಗೀದು, ಹಾಲ್‌ಗೆ ಹೋಗಿ ಹೆದರ್ಕೊಂಡುಬಿಟ್ಲು." ನಾನು ಬಾಯಿಯ ಮೇಲೆ ಕೈ ಇಟ್ಟುಕೊಂಡು ಮೆಟ್ಟಿಲಿಳಿದು ಬಂದೆ. ಒಳ್ಳೆಯವರ ಮೇಲೆ ಸಿಟ್ಟು ಮಾಡಿಕೊಂಡರೆ ಅದನ್ನು ಇಡಲು ಜಾಗವೇ ಇರುವುದಿಲ್ಲ.

ಸಂಕ್ರಾಂತಿ ಕಳೆಯಿತು. ರೈಲ್ವೆ ಕ್ವಾರ್ಟರ್ಸಿನ ಹಿಂದಿನ ಕೋಣೆಗೆ ಬೇರೆ ಯಾರೋ ಬಂದರು. ಮಾಘದಲ್ಲಿ ಚಿಕ್ಕಪ್ಪನ ಮನೆಯ ಮುಂದೆ ಚಪ್ಪರ ಹಾಕಿದರು. ಮಳೆ ನಿಂತು ಬಿಸಿಲು ಚುರುಗುಟ್ಟುತ್ತಿತ್ತು. ಧಾರೆಗೆ ಚಿಕ್ಕಪ್ಪ ಚಿಕ್ಕಮ್ಮ ಕೂತರು. ಮೇಷ್ಟ್ರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದು ಅಕ್ಷತೆ ಹಾಕಿದರು. ವಿಮಲ ಅವರ ಕಾಲಿಗೆ ನಮಸ್ಕಾರ ಮಾಡಿದಾಗ ಅವಳ ತಲೆಯ ಮೇಲೆ ಕೈ ಇಟ್ಟರು. "ಏನೋ ಆಗೋಯ್ತು. ಮಿಷನ್ ಏನೂ ತೊಂದರೆ ಕೊಡ್ಲಿಲ್ಲ ತಾನೇ ತಾಯಿ?" ಎಂದು ಕೇಳಿದರು. "ಇಲ್ಲ ಸಾರ್. ಚೆನ್ನಾಗಿತ್ತು" ಅಂದಳು. ಪಕ್ಕದಲ್ಲಿದ್ದ ಗಂಡ, ನಾಲ್ಕು ಮಾತು ಆಡದ ಗಂಭೀರ ಮನುಷ್ಯ, ಅವರಿಗೆ ಕೈಮುಗಿದ.

ಜಯಮ್ಮನವರು ಚಪ್ಪರದ ಕಡೆ ಇರಲಿಲ್ಲ. ಗಂಡ ಸತ್ತವರು ಧಾರೆಯ ಹೊತ್ತಿಗೆ ಎದುರಿಗೆ ಬರಬಾರದೆಂದು ಹಿತ್ತಲ ಬಾಗಿಲ ಹತ್ತಿರ ಕೂತು ತೆಂಗಿನಕಾಯಿ ತುರಿಯುತ್ತಿದ್ದರು. ವಾಲಗದ ಸದ್ದು ಅಲ್ಲಿಗೆ ಕೇಳುತ್ತಿತ್ತು. ನಾನು ಹೋಗಿ ಪಕ್ಕದಲ್ಲಿ ಕೂತೆ. ಅವರು ತುರಿಯುತ್ತಲೇ ಅಂದರು, "ನೀನು ಪಾಸಾದೆಯಲ್ಲ ತಾಯಿ, ಅಷ್ಟೇ ಸಂತೋಷ. ನನ್ನ ಮಗಳೇ ಕೈಕೊಟ್ಬಿಟ್ಲು. ಅಷ್ಟು ಕಲ್ತ್ಲು, ಮೇಷ್ಟ್ರು ಮಿಷನ್‌ನೂ ಸರಿ ಮಾಡಿಸಿಕೊಟ್ರಂತೆ. ಇವಳಿಗೆ ಮನಸ್ಸಿರ್ಲಿಲ್ಲ. ಓದಿ ಸಾಕಾಗಿ, ಮದ್ವೆ ಆಗ್ಬುಟ್ರೆ ಸಾಕು ಅನ್ನಿಸ್ತೇನೋ. ನಾನೂ ಇವಳ ತಂಗಿನೂ ಎಲ್ಲಿ ಹೋಗ್ಬೇಕು ಅಂತ ಒಂದು ಗಳಿಗೆ ಯೋಚ್ನೆ ಮಾಡ್ಬಾರ್ದಿತ್ತಾ?"

ಆಣೆ ಹಾಕಿದ್ದು ಮೇಷ್ಟ್ರಿಗೆ ಹೇಳುವುದಿಲ್ಲ ಎಂದು, ಅಮ್ಮನಿಗೆ ಹೇಳುವುದಿಲ್ಲ ಎಂದಲ್ಲ. ನಾನು ಎಲ್ಲ ಹೇಳಿಬಿಟ್ಟೆ. ಕೆಟ್ಟ ಸ್ಪೇಸ್ ಬಾರ್, ಎರಡು ಏಟು, ಅದನ್ನು ಕಲಿತ ಹೆಬ್ಬೆರಳು, ಸರಿಯಾದ ಮಿಷನ್ನು, ಹಾಳೆಯ ಮೇಲಿನ ಜಾಗಗಳು. ಅವರ ಮಂಡಿಯ ಮೇಲೆ ನನ್ನ ಹೆಬ್ಬೆರಳಿನಿಂದ ಹೊಡೆದೂ ತೋರಿಸಿದೆ. "ಅವಳಿಗೆ ಮನಸ್ಸಿತ್ತು ಅಮ್ಮ. ನಿಮಗೋಸ್ಕರ ಮನೆ ಕೂಡ ನೋಡಿದ್ಲು. ರಿಪೇರಿ ಮಾಡಿಸ್ದೇ ಇದ್ದಿದ್ರೆ ಅವಳು ಪಾಸಾಗ್ತಿದ್ಲು."

ಜಯಮ್ಮನವರು ತುರಿಯುವುದನ್ನು ನಿಲ್ಲಿಸಿ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಸೆರಗಿನಿಂದ ಕೈ ಒರೆಸಿ ನನ್ನ ಕೆನ್ನೆ ಸವರಿದರು.

"ಗೆಳತೀನ ಬಿಟ್ಕೊಡಲ್ಲ ನೀನು. ಒಳ್ಳೇ ಹುಡುಗಿ. ಆದ್ರೂ ಇಂಥದ್ದೆಲ್ಲ ಹೇಳ್ಬಾರ್ದು ಕಣವ್ವ. ಕೆಟ್ಟಿದ್ದ ಮಿಷನ್ ಸರಿ ಮಾಡ್ಸುದ್ರೆ ಯಾರಾದ್ರೂ ಫೇಲಾಯ್ತಾರಾ?"

ಒಳಗಿನಿಂದ ವಿಮಲಳ ಚಿಕ್ಕಮ್ಮ ಕೂಗಿದರು, "ಅಕ್ಕಾ, ಕೋಸಂಬರಿಗೆ ಕಾಯಿ ಆಯ್ತಾ?"

"ಬಂದೆ ಕಣವ್ವ" ಎಂದು ಜಯಮ್ಮನವರು ಗಡಬಡಿಸಿ ಎದ್ದು, ತುರಿದಷ್ಟನ್ನು ತಟ್ಟೆಗೆ ಬಾಚಿಕೊಂಡು ಅಡುಗೆಮನೆಯೊಳಗೆ ಹೋದರು.